ಕಸುಬು ಕಲಿಯುತ್ತಲೇ ಪದವಿ: ಮರಗೆಲಸದ ಅಪ್ರೆಂಟಿಸ್‌ಗಳಿಗೆ ಒಂಬತ್ತು ಪಾಠಗಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮರಗೆಲಸದ ಅಪ್ರೆಂಟಿಸ್‌ಶಿಪ್ ಮುಗಿಸಿದವರಿಗೆ ಅಲ್ಲಿನ ತಾಂತ್ರಿಕ ಕಾಲೇಜುಗಳು 39 ಕ್ರೆಡಿಟ್ ಕೊಡುತ್ತವೆ. ಸಾಮಾನ್ಯ ವಿಷಯಗಳಲ್ಲಿ ಇನ್ನು 21 ಕ್ರೆಡಿಟ್ ಓದಿಕೊಂಡರೆ ಒಟ್ಟು 60 ಆಗುತ್ತದೆ. ಎರಡು ವರ್ಷದ ಕಾಲೇಜು ಓದಿಗೆ ಸಮನಾದ ಅಸೋಸಿಯೇಟ್ ಪದವಿ ಕೈಗೆ ಬರುತ್ತದೆ. ಅಂದರೆ ಪದವಿಯ ಮೂರನೇ ಎರಡು ಪಾಲಿಗೆ ಸ್ವಲ್ಪ ಕಡಿಮೆ ಭಾಗ ಸಂಬಳ ಎಣಿಸುತ್ತಲೇ ಮುಗಿದಿರುತ್ತದೆ.

ನಾನು ತೀರ್ಥಹಳ್ಳಿ ಕಡೆಯ ಆಚಾರಿ ಮನೆತನದವನು. ಮದುವೆಯಾಗಿ ಇದೇ ರಾಜ್ಯದ ಮಿಲ್ವಾಕಿಗೆ ಬಂದ ಮೇಲೆ ಇಲ್ಲಿನ ಕ್ರಮದಲ್ಲಿ ಮೊದಲಿನಿಂದ ಅಪ್ರೆಂಟಿಸ್ ಆಗಿ ಸೇರಿದೆ. ಪಳಗಿದ ಕೆಲಸಗಾರನೆಂಬ ಸರ್ಟಿಫಿಕೇಟು ಪಡೆದೆ, ಉಳಿದ ಕ್ರೆಡಿಟ್‌ಗಳನ್ನು ಓದಿ ಪದವಿ ಮುಗಿಸಿದೆ. ಈಗ ಹೊಸ ಅಪ್ರೆಂಟಿಸ್‌ಗಳಿಗೆ ಪಾಠ ಹೇಳುತ್ತೇನೆ. ನನ್ನ ಅಪ್ಪನಿಗೆ ಮಾಡು ಕಟ್ಟುವುದು, ಬಾಗಿಲುವಾಡ ಕೂರಿಸುವುದು, ತೊಟ್ಟಿಮನೆಯ ಕಂಬ ನಿಲ್ಲಿಸುವುದು ಎಲ್ಲವೂ ಗೊತ್ತಿತ್ತು. ಗೊತ್ತಿದೆ ಎಂದು ಹೇಳುವ ಒಂದು ಕಾಗದ ಮಾತ್ರ ಅವರ ಬಳಿ ಇರಲಿಲ್ಲ. ಕಚೇರಿಗಳ ಅರ್ಜಿಯಲ್ಲಿ 'ವಿದ್ಯಾಭ್ಯಾಸ' ಎಂಬ ಜಾಗದಲ್ಲಿ ಅವರು ಶಾಲೆ ಬಿಟ್ಟ ತರಗತಿಯನ್ನು ಬರೆಯುತ್ತಿದ್ದರು. ಆ ಮೇಲಿನ ಅಷ್ಟೂ ವರ್ಷಗಳ ಕಲಿಕೆಗೆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಕೈಯಿಂದ ಕಲಿತದ್ದೂ ವಿದ್ಯೆಯೇ, ಅದನ್ನು ಕಾಲೇಜು ವಿದ್ಯೆಯೆಂದು ಬರೆದುಕೊಡಬೇಕು ಎಂದು ನಾನು ಗಟ್ಟಿಯಾಗಿ ನಂಬಿರುವುದು ಇದಕ್ಕೇ. ಆದರೆ ಅದು ತಾನಾಗಿ ಆಗುವ ಕೆಲಸವಲ್ಲ. ಹೇಗೆ ಆಗುತ್ತದೆ ಎಂಬುದನ್ನು ನಾನು ಕಂಡಂತೆ ಇಲ್ಲಿ ಬರೆದಿದ್ದೇನೆ.

1. ಕ್ರೆಡಿಟ್ ಸಿಗುವುದು ಕಲಿಕೆಗೆ, ಬರೀ ದುಡಿಮೆಗಲ್ಲ

"ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಎಷ್ಟು ಕ್ರೆಡಿಟ್ ಬರುತ್ತದೆ?" ಎಂದು ಹಲವರು ಕೇಳುತ್ತಾರೆ. ಕಾಲೇಜು ಕೇಳುವುದು ಬೇರೆಯೇ ಪ್ರಶ್ನೆ: ಆ ವರ್ಷಗಳಲ್ಲಿ ಏನೇನು ಕಲಿತಿರಿ, ಯಾರು ಅದನ್ನು ಪರೀಕ್ಷಿಸಿದರು?

ಅಮೆರಿಕದ ಕಾಲೇಜುಗಳಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರ, ವಾರಕ್ಕೆ ಒಂದು ಗಂಟೆ ತರಗತಿ, ಅದರ ಜೊತೆಗೆ ಎರಡು ಗಂಟೆ ಸ್ವಂತ ಓದು. ಒಟ್ಟು ಹತ್ತಿರ ಹತ್ತಿರ 45 ಗಂಟೆ. ಅಪ್ರೆಂಟಿಸ್‌ಶಿಪ್‌ನ ಲೆಕ್ಕ ಬೇರೆ. ಕೇಂದ್ರ ಸರ್ಕಾರದ ನಿಯಮದಂತೆ ಗಂಟೆಗಳ ಮೇಲೆ ನಡೆಯುವ ಅಪ್ರೆಂಟಿಸ್‌ಶಿಪ್‌ಗೆ ಕನಿಷ್ಠ 2,000 ಗಂಟೆ ಕೆಲಸದ ಮೇಲಿನ ಕಲಿಕೆ ಬೇಕು. ವರ್ಷಕ್ಕೆ 144 ಗಂಟೆಯಷ್ಟಾದರೂ ತರಗತಿಯ ಪಾಠ ಇರಲಿ ಎಂಬ ಶಿಫಾರಸೂ ಇದೆ. ಮರಗೆಲಸ ಉದ್ದದ ಕಸುಬು, ಸಾಮಾನ್ಯವಾಗಿ ನಾಲ್ಕು ವರ್ಷ ಹಿಡಿಯುತ್ತದೆ. ವರ್ಷಕ್ಕೆ 144ರಂತೆ ನಾಲ್ಕು ವರ್ಷಕ್ಕೆ 576 ಗಂಟೆ ಪಾಠ ಆಯಿತು. ವಿಸ್ಕಾನ್ಸಿನ್‌ನ ಆ 39 ಕ್ರೆಡಿಟ್‌ಗಳಿಗೆ ಕನಿಷ್ಠ 400 ಗಂಟೆ ಪಾಠ ಇರಬೇಕೆಂಬ ಷರತ್ತು ಇರುವುದನ್ನು ನೋಡಿದರೆ ಕಾಲೇಜು ಎಲ್ಲಿ ಕಣ್ಣಿಟ್ಟಿದೆ ಎಂಬುದು ತಿಳಿಯುತ್ತದೆ.

ಇದರಿಂದ ಅಪ್ರೆಂಟಿಸ್ ತಿಳಿಯಬೇಕಾದದ್ದು ಇಷ್ಟು: ಒಂದೇ ಕೆಲಸವನ್ನು ಸಾವಿರಾರು ಗಂಟೆ ಮಾಡಿದರೆ ಕೈ ಚುರುಕಾಗುತ್ತದೆ, ಕಸುಬು ಬೆಳೆಯುವುದಿಲ್ಲ. ವರ್ಷವಿಡೀ ಗೋಡೆಗೆ ಜಿಪ್ಸಮ್ ಹಲಗೆಯನ್ನೇ ಹೊಡೆಯಲು ಹಾಕಿದ್ದರೆ ಮೇಸ್ತ್ರಿಯ ಬಳಿ ಹೋಗಿ ಮರ್ಯಾದೆಯಿಂದ ಕೇಳಿ: ಕಾಂಕ್ರೀಟಿನ ಸೆಂಟ್ರಿಂಗ್, ಗೋಡೆಯ ಚೌಕಟ್ಟು, ಮೆಟ್ಟಿಲು, ಮಾಡು, ಒಳಗಿನ ನಯಗೆಲಸ ಇವೆಲ್ಲದರಲ್ಲೂ ನನಗೆ ಸರದಿ ಬೇಕು. ಕರಾರಿನಲ್ಲಿ ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂಬ ಪಟ್ಟಿ ಇರುತ್ತದೆ. ಹಾಗಾಗಿ ಸರದಿ ಕೇಳುವುದು ಅಪ್ರೆಂಟಿಸ್‌ನ ಹಕ್ಕು.

2. ಸೇರುವ ಮೊದಲೇ ನೋಂದಣಿ ಮತ್ತು ಮಾನ್ಯತೆ ವಿಚಾರಿಸಿ

ಒಂದೇ ಕಟ್ಟಡದಲ್ಲಿ, ಒಂದೇ ಏಣಿ ಹತ್ತಿ ಇಳಿಯುವ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಕಾಲೇಜಿನ ಕ್ರೆಡಿಟ್ ಬರಬಹುದು, ಇನ್ನೊಬ್ಬನಿಗೆ ಏನೂ ಬಾರದಿರಬಹುದು. ಮೊದಲನೆಯವನು ನೋಂದಾಯಿತ ಅಪ್ರೆಂಟಿಸ್, ಎರಡನೆಯವನು ಬರೀ ಸಹಾಯಕ.

ಅಮೆರಿಕದಲ್ಲಿ ಅಪ್ರೆಂಟಿಸ್‌ಶಿಪ್‌ಗೆಂದು ಮೊದಲು ಕಾಯ್ದೆ ಮಾಡಿದ ರಾಜ್ಯ ವಿಸ್ಕಾನ್ಸಿನ್, 1911ರಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಕಾಯ್ದೆ ಬಂದದ್ದು 1937ರಲ್ಲಿ. ಇಲ್ಲಿ ಅಪ್ರೆಂಟಿಸ್ ಆಗುವುದೆಂದರೆ ಬಾಯಿಮಾತಿನ ಒಪ್ಪಂದವಲ್ಲ. ಸರ್ಕಾರದಲ್ಲಿ ದಾಖಲಾಗುವ ಲಿಖಿತ ಕರಾರು ಇರುತ್ತದೆ. ಎಷ್ಟು ವರ್ಷ, ಯಾವ ಯಾವ ಕೆಲಸ, ಎಷ್ಟು ಗಂಟೆ ಪಾಠ, ಸಂಬಳ ಯಾವಾಗ ಏರುತ್ತದೆ ಎಲ್ಲವೂ ಅದರಲ್ಲಿ ಇರುತ್ತವೆ.

ಈ ದಾರಿಗೆ ಎರಡು ಬಾಗಿಲುಗಳಿವೆ. ಒಂದು, 1881ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಬಡಗಿಗಳ ಒಕ್ಕೂಟ ಮತ್ತು ಗುತ್ತಿಗೆದಾರರು ಜೊತೆಯಾಗಿ ನಡೆಸುವ ಸಮಿತಿಗಳು. ಇನ್ನೊಂದು, ಒಕ್ಕೂಟಕ್ಕೆ ಸೇರದ ಗುತ್ತಿಗೆದಾರರ ಸಂಘಗಳು. ಎರಡೂ ಕಡೆ ಒಳ್ಳೆಯ ಬಡಗಿಗಳು ತಯಾರಾಗುತ್ತಾರೆ. ಯಾವುದನ್ನು ಆರಿಸಿಕೊಂಡರೂ ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ. ಈ ಕರಾರು ಸರ್ಕಾರದಲ್ಲಿ ನೋಂದಣಿ ಆಗುತ್ತದೆಯೇ? ಪಾಠ ಹೇಳುವವರು ಮಾನ್ಯತೆ ಪಡೆದ ಕಾಲೇಜಿನವರೇ, ಅಥವಾ ಅಂಥ ಕಾಲೇಜಿನೊಂದಿಗೆ ಲಿಖಿತ ಒಪ್ಪಂದ ಇದೆಯೇ? ಮುಗಿದ ಮೇಲೆ ಕಾಲೇಜಿನ ಅಂಕಪಟ್ಟಿಯಲ್ಲಿ ಇದು ಹೇಗೆ ಕಾಣಿಸಿಕೊಳ್ಳುತ್ತದೆ? ಮೂರನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ನೀವು ಸರಿಯಾದ ಕಡೆ ಬಂದಿದ್ದೀರಿ.

3. ಕೆಲಸದ ಪುಸ್ತಕ ಬರೆಯುವುದೂ ಕೆಲಸವೇ

ದಿನದ ಕೊನೆಗೆ ಮೈಯೆಲ್ಲ ಗರಗಸದ ಹೊಟ್ಟು ಅಂಟಿಕೊಂಡು ಮನೆಗೆ ಹೋದವನಿಗೆ ಪೆನ್ನು ಹಿಡಿಯುವ ಮನಸ್ಸು ಬರುವುದು ಕಷ್ಟ. ಆದರೂ ಬರೆಯಬೇಕು. "ಎಂಟು ಗಂಟೆ ಕೆಲಸ" ಎಂದು ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. "ಎರಡನೇ ಮಹಡಿಯ ಹೊರಗೋಡೆ, 16 ಇಂಚಿಗೊಂದರಂತೆ ಸ್ಟಡ್ ನಿಲ್ಲಿಸಿದ್ದು, ಎರಡು ಕಿಟಕಿಯ ಮೇಲ್ತೊಲೆ ಕತ್ತರಿಸಿ ಕೂರಿಸಿದ್ದು, ನಕ್ಷೆ ನಾನೇ ಓದಿದ್ದು" ಎಂದು ಬರೆದರೆ ಅದು ಕಲಿಕೆಯ ಸಾಕ್ಷಿ. ಮೂರನೆಯ ತುಣುಕನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಕ್ಷೆ ಓದಿದ್ದು, ಅಳತೆ ತೆಗೆದದ್ದು, ಸಾಮಾನಿನ ಪಟ್ಟಿ ಮಾಡಿದ್ದು ಬೆವರು ಹರಿಸದ ಕೆಲಸಗಳಾದ್ದರಿಂದ ಕೆಲಸವೆಂದೇ ಅನ್ನಿಸುವುದಿಲ್ಲ. ಕ್ರೆಡಿಟ್ ತೂಗುವವರು ಮೊದಲು ಹುಡುಕುವುದು ಅದನ್ನೇ.

ವಾರಕ್ಕೊಮ್ಮೆ ಮೇಸ್ತ್ರಿಯ ಸಹಿ ಹಾಕಿಸಿಕೊಳ್ಳಿ. ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡರೆ ಅಷ್ಟರಲ್ಲಿ ಮೇಸ್ತ್ರಿ ಬೇರೆ ಸೈಟಿಗೆ ಹೋಗಿರುತ್ತಾರೆ, ಕಂಪನಿ ಬದಲಾಗಿರುತ್ತದೆ. ಫೋಟೊ ತೆಗೆಯುವಾಗ ಮುಗಿದ ಮೆಟ್ಟಿಲಿನದ್ದು ಒಂದೇ ಸಾಲದು. ಗುರುತು ಹಾಕಿದ ಹಲಗೆ, ಕತ್ತರಿಸುವ ಮುಂಚಿನ ಲೆಕ್ಕದ ಚೀಟಿ, ಅರ್ಧ ಆದ ಜೋಡಣೆ, ಇವುಗಳ ಚಿತ್ರವೂ ಬೇಕು. ಮುಗಿದ ಕೆಲಸ ನಿಮ್ಮ ಕೈಯನ್ನು ತೋರಿಸಿದರೆ ಅರ್ಧ ಆದ ಕೆಲಸ ನಿಮ್ಮ ತಲೆಯನ್ನು ತೋರಿಸುತ್ತದೆ. ಸುರಕ್ಷತೆಯ ತರಬೇತಿ, ಪ್ರಥಮ ಚಿಕಿತ್ಸೆ, ಲಿಫ್ಟ್ ನಡೆಸುವ ತರಬೇತಿ ಇಂಥವುಗಳ ಪ್ರಮಾಣಪತ್ರಗಳನ್ನೂ ಅದೇ ಕಡತದಲ್ಲಿ ಇಡಿ.

4. ಗಣಿತಕ್ಕೆ ಹೆದರಬೇಡಿ, ಅದು ಆಗಲೇ ನಿಮ್ಮ ಕೈಯಲ್ಲಿದೆ

ಕಾಲೇಜು ಎಂದೊಡನೆ ಹಿಂಜರಿಯುವ ಹುಡುಗರೆಲ್ಲ ಹೇಳುವುದು ಒಂದೇ: ನನಗೆ ಲೆಕ್ಕ ಬರುವುದಿಲ್ಲ. ಅಂಥವರನ್ನು ನಾನು ಕಪ್ಪುಹಲಗೆಯ ಮುಂದೆ ನಿಲ್ಲಿಸುವುದಿಲ್ಲ, ಮೂಲೆಮಟ್ಟ ಕೊಟ್ಟು ಮಾಡಿನ ಕೆಳಗೆ ನಿಲ್ಲಿಸುತ್ತೇನೆ.

28 ಅಡಿ ಅಗಲದ ಮನೆ. ಎರಡು ಇಳಿಜಾರಿನ ಮಾಡು, ಅಡ್ಡಕ್ಕೆ ಒಂದು ಅಡಿ ಹೋದರೆ 6 ಇಂಚು ಏರು. ಪಕಾಸಿನ ಉದ್ದ ಎಷ್ಟು? ಅಡ್ಡ 12 ಇಂಚು, ಏರು 6 ಇಂಚು. 144ಕ್ಕೆ 36 ಕೂಡಿದರೆ 180, ಅದರ ವರ್ಗಮೂಲ 13.42. ಅಮೆರಿಕದ ಬಡಗಿಗಳು ಬಳಸುವ ಉಕ್ಕಿನ ಮೂಲೆಮಟ್ಟದ ಮೇಲೆ 6ರ ಕೆಳಗೆ ಕೆತ್ತಿರುವ ಅಂಕಿಯೂ ಇದೇ. ಮನೆಯ ಅರ್ಧ ಅಗಲ 14 ಅಡಿ. 14ನ್ನು 13.42ರಿಂದ ಗುಣಿಸಿದರೆ 187.88 ಇಂಚು, ಅಂದರೆ 15 ಅಡಿ 7 ಇಂಚು ಮತ್ತು ಒಂದು ಇಂಚಿನ ಎಂಟನೇ ಏಳು ಪಾಲು. ಇದರಲ್ಲಿ ಮಾಡಿನ ನೆತ್ತಿಯ ಹಲಗೆಯ ಅರ್ಧ ದಪ್ಪಕ್ಕೆ ತಕ್ಕಂತೆ ಕಳೆದು, ಗೋಡೆಯ ಆಚೆ ಚಾಚುವ ಸೂರಿಗೆ ಬೇಕಾದಷ್ಟು ಕೂಡಿದರೆ ಪಕಾಸು ಕತ್ತರಿಸಬಹುದು. ಶಾಲೆಯಲ್ಲಿ ಪೈಥಾಗೊರಸ್‌ನ ಪ್ರಮೇಯ ಎಂದು ಬಾಯಿಪಾಠ ಮಾಡಿಸಿದ್ದು ಇದನ್ನೇ. ಅಲ್ಲಿ ಬಾರದ ಹುಡುಗನಿಗೆ ಇಲ್ಲಿ ಬರುತ್ತದೆ, ಏಕೆಂದರೆ ಉತ್ತರ ತಪ್ಪಿದರೆ ಪಕಾಸು ಕೂರುವುದಿಲ್ಲ ಎಂಬುದನ್ನು ಅವನು ಕಣ್ಣಾರೆ ನೋಡುತ್ತಾನೆ.

ಮೆಟ್ಟಿಲಿನ ಲೆಕ್ಕವೂ ಹಾಗೆಯೇ. ಒಂದು ಮಹಡಿಯಿಂದ ಇನ್ನೊಂದಕ್ಕೆ 105 ಇಂಚು ಎತ್ತರ. ವಿಸ್ಕಾನ್ಸಿನ್‌ನ ಮನೆಗಳ ನಿಯಮದಂತೆ ಒಂದು ಮೆಟ್ಟಿಲ ಏರು 8 ಇಂಚು ಮೀರುವಂತಿಲ್ಲ, ಕಾಲಿಡುವ ಜಾಗ 9 ಇಂಚಿಗಿಂತ ಕಡಿಮೆ ಇರುವಂತಿಲ್ಲ. 105ನ್ನು 13ರಿಂದ ಭಾಗಿಸಿದರೆ 8.08 ಬರುತ್ತದೆ, ನಿಯಮ ಮುರಿಯಿತು. 14ರಿಂದ ಭಾಗಿಸಿದರೆ ಸರಿಯಾಗಿ ಏಳೂವರೆ. ಏರು 14 ಆದರೆ ಕಾಲಿಡುವ ಹಲಗೆ 13, ತಲಾ 10 ಇಂಚಿನಂತೆ ನೆಲದ ಮೇಲೆ 130 ಇಂಚು ಜಾಗ ಬೇಕು. ಅಷ್ಟು ಜಾಗ ಇಲ್ಲದಿದ್ದರೆ ಏನು ಮಾಡಬೇಕು ಎಂದು ಕೇಳಿದರೆ ಪಾಠ ಗಣಿತದಿಂದ ವಿನ್ಯಾಸಕ್ಕೆ ಹೋಗುತ್ತದೆ.

ಅಪ್ರೆಂಟಿಸ್‌ಗೆ ನನ್ನ ಕಿವಿಮಾತು ಇಷ್ಟೇ. ಸೈಟಿನಲ್ಲಿ ಫೋನಿನ ಆ್ಯಪ್ ಉತ್ತರ ಕೊಡುತ್ತದೆ, ಬಳಸಿ. ಆದರೆ ಅದಕ್ಕೆ ಮೊದಲು ಒಮ್ಮೆ ಕೈಯಲ್ಲಿ ಮಾಡಿ, ಆ ಚೀಟಿಯನ್ನು ಇಟ್ಟುಕೊಳ್ಳಿ. ಕಾಲೇಜಿನ ಗಣಿತ ತರಗತಿಗೆ ಹೋಗುವ ದಿನ ಅದೇ ನಿಮ್ಮ ಪಠ್ಯಪುಸ್ತಕ.

5. ತರಗತಿಯ ದಿನ ರಜೆಯಲ್ಲ

ವಿಸ್ಕಾನ್ಸಿನ್ ಕಾಯ್ದೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಅಂಶ ಇದೆ. ಕರಾರಿನಲ್ಲಿ ನಿಗದಿಯಾದ ತರಗತಿಯ ಗಂಟೆಗಳಿಗೂ ಮಾಲೀಕರು ಸಂಬಳ ಕೊಡಬೇಕು. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ಹಲವು ಕಡೆ ದಿನವಿಡೀ ದುಡಿದು ಸಂಜೆ ಸಂಬಳವಿಲ್ಲದೆ ಪಾಠಕ್ಕೆ ಹೋಗಬೇಕು. ಕಲಿಕೆಯೂ ಕೆಲಸದ ಭಾಗ ಎಂದು ಕಾನೂನೇ ಒಪ್ಪಿಕೊಂಡರೆ ಹುಡುಗರ ನಡೆ ಹೇಗೆ ಬದಲಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಮಗು ಇರುವವನು, ಬಾಡಿಗೆ ಕಟ್ಟಬೇಕಾದವಳು, ಎಲ್ಲರೂ ನೆಮ್ಮದಿಯಿಂದ ಬೆಂಚಿನ ಮೇಲೆ ಕೂರುತ್ತಾರೆ.

ಆದರೆ ಸಂಬಳ ಬರುತ್ತದೆಂದು ಹಾಜರಿ ಹಾಕಿ ತೂಕಡಿಸಿದರೆ ನಷ್ಟ ಯಾರದ್ದು? ತರಗತಿಯ ಗಂಟೆ ಕಡಿಮೆ ಬಿದ್ದರೆ ಅಪ್ರೆಂಟಿಸ್‌ಶಿಪ್ ಮುಗಿಯುವುದಿಲ್ಲ. ಅದು ಮುಗಿಯದೆ ಆ 39 ಕ್ರೆಡಿಟ್‌ಗಳೂ ಇಲ್ಲ. ಅಪ್ರೆಂಟಿಸ್‌ನ ಸಂಬಳ ಪಳಗಿದ ಕೆಲಸಗಾರನ ದರದ ಇಂತಿಷ್ಟು ಭಾಗ ಎಂದು ಆರಂಭವಾಗಿ ಹಂತ ಹಂತವಾಗಿ ಏರುತ್ತದೆ. ಆ ಏರಿಕೆಗೂ ತರಗತಿಯ ಪ್ರಗತಿ ಬೇಕು. ಮೂರನೆಯ ವರ್ಷದಲ್ಲಿ, ಕೈ ಕುದುರಿ ಮೇಸ್ತ್ರಿ ಹೊಗಳಲು ಶುರು ಮಾಡಿದ ಹೊತ್ತಿಗೆ, ಹಲವರಿಗೆ ಪಾಠ ಸಾಕು ಅನ್ನಿಸುತ್ತದೆ. ಬಿಟ್ಟುಹೋಗುವವರು ಹೆಚ್ಚಾಗಿ ಆಗಲೇ ಹೋಗುತ್ತಾರೆ. ಆ ವರ್ಷವನ್ನು ದಾಟಿಸಲು ಮನೆಯವರ ಒತ್ತಾಸೆ ಬೇಕು, ಜೊತೆಯ ಹಳಬರ ಒತ್ತಾಸೆಯೂ ಬೇಕು.

6. ಉಳಿದ 21 ಕ್ರೆಡಿಟ್‌ಗಳನ್ನು ಕೊನೆಗೆ ಇಟ್ಟುಕೊಳ್ಳಬೇಡಿ

ಇಂಗ್ಲಿಷ್ ಬರವಣಿಗೆ, ಮಾತುಗಾರಿಕೆ, ಗಣಿತ ಅಥವಾ ವಿಜ್ಞಾನ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಇಂಥ ವಿಷಯಗಳು ಈ 21ರಲ್ಲಿ ಬರುತ್ತವೆ. "ಬಡಗಿಗೆ ಮನಶ್ಶಾಸ್ತ್ರ ಯಾಕೆ?" ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕಟ್ಟಡದ ಕೆಲಸ ಬಲ್ಲವರಿಗೆ ಉತ್ತರ ಗೊತ್ತು. ಹತ್ತು ಜನರ ತಂಡದಲ್ಲಿ ಒಬ್ಬನಿಗೆ ಇನ್ನೊಬ್ಬನ ಮೇಲೆ ಮುನಿಸು ಇದ್ದರೆ ಗೋಡೆ ನೇರ ನಿಲ್ಲುವುದಿಲ್ಲ. ನಕ್ಷೆಯಲ್ಲಿ ತೊಲೆಯ ಅಳತೆ ಒಂದು ಹಾಳೆಯಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಇದ್ದಾಗ ವಾಸ್ತುಶಿಲ್ಪಿಗೆ ನಾಲ್ಕು ಸಾಲಿನ ಸ್ಪಷ್ಟ ಪತ್ರ ಬರೆಯಬಲ್ಲ ಬಡಗಿ ಒಂದು ವಾರದ ಕೆಲಸ ಉಳಿಸುತ್ತಾನೆ. ಮನೆಯೊಡತಿ ನಡುವೆ ಕಿಟಕಿಯ ಜಾಗ ಬದಲಿಸಿ ಎಂದಾಗ ಅದರ ಖರ್ಚನ್ನು ಬರೆದು ಒಪ್ಪಿಗೆ ಪಡೆಯಬಲ್ಲವನಿಗೆ ಕೊನೆಯಲ್ಲಿ ಜಗಳ ಇರುವುದಿಲ್ಲ. ಈ 21 ಕ್ರೆಡಿಟ್‌ಗಳೂ ಕಸುಬಿನ ಒಳಗಿನವೇ.

ನಾಲ್ಕು ವರ್ಷ ಮುಗಿಸಿ, ಒಳ್ಳೆಯ ಸಂಬಳ ಶುರುವಾದ ಮೇಲೆ ಓದೋಣ ಎಂದು ಮುಂದೂಡುವವರು ಬಹಳ ಜನ. ಆಮೇಲೆ ಮದುವೆ, ಮನೆ ಸಾಲ, ಮಕ್ಕಳು. ಒಂದು ಸೆಮಿಸ್ಟರಿಗೆ ಒಂದೇ ವಿಷಯವಾದರೂ ಸಾಕು, ಅಪ್ರೆಂಟಿಸ್ ಆಗಿರುವಾಗಲೇ ಹಿಡಿಯಿರಿ. ಇಲ್ಲಿನ ಚಳಿಗಾಲ ಅದಕ್ಕೆ ಅನುಕೂಲ. ವಿಸ್ಕಾನ್ಸಿನ್‌ನಲ್ಲಿ ನೆಲ ಎಷ್ಟು ಆಳಕ್ಕೆ ಹೆಪ್ಪುಗಟ್ಟುತ್ತದೆಂದರೆ ಮನೆಯ ಬುನಾದಿಯನ್ನು 48 ಇಂಚು ಆಳಕ್ಕೆ ಇಳಿಸಬೇಕು. ಜನವರಿಯಲ್ಲಿ ಹೊರಗಿನ ಕೆಲಸ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಕಾಲೇಜಿನ ಹೊಸ ಸೆಮಿಸ್ಟರ್ ಆರಂಭವಾಗುತ್ತದೆ. ನಾನು ಬರವಣಿಗೆಯ ವಿಷಯ ಓದಿದ್ದು ಅಂಥ ಚಳಿಗಾಲದಲ್ಲೇ. ಇಂಗ್ಲಿಷ್ ನನಗೆ ಮನೆಯ ಭಾಷೆಯಲ್ಲ. ಆದರೂ ಬಾಗಿಲು ಕೂರಿಸುವ ಕ್ರಮವನ್ನು ಹಂತ ಹಂತವಾಗಿ ಬರೆಯಿರಿ ಎಂದಾಗ ನನಗೆ ಬರೆಯಲು ಬೇಕಾದಷ್ಟಿತ್ತು. ಗೊತ್ತಿರುವ ವಿಷಯದಿಂದ ಶುರು ಮಾಡಿದರೆ ಭಾಷೆ ಹಿಂದೆಯೇ ಬರುತ್ತದೆ.

7. ಎಲ್ಲ ಕಾಲೇಜಿನಲ್ಲೂ ಎಲ್ಲ ಕ್ರೆಡಿಟ್ ನಡೆಯುವುದಿಲ್ಲ

ಕ್ರೆಡಿಟ್ ಎಂಬುದು ಬಸ್ ಪಾಸಿನ ಹಾಗೆ: ಕೊಟ್ಟ ಸಂಸ್ಥೆಯ ಬಸ್ಸಿನಲ್ಲಿ ಖಂಡಿತ ನಡೆಯುತ್ತದೆ, ಬೇರೆ ಬಸ್ಸಿನಲ್ಲಿ ಕಂಡಕ್ಟರನ್ನು ಕೇಳಿಯೇ ಹತ್ತಬೇಕು.

ಆ 39 ಕ್ರೆಡಿಟ್‌ಗಳನ್ನು ಕಾಲೇಜು ಒಂದೇ ಗಂಟಾಗಿ ಕೊಡುತ್ತದೆ. ತಾಂತ್ರಿಕ ಕಾಲೇಜಿನ ಪದವಿಗೆ ಅದು ಪೂರ್ತಿ ಸಲ್ಲುತ್ತದೆ. ಅಲ್ಲಿಂದ ನಾಲ್ಕು ವರ್ಷದ ಬ್ಯಾಚುಲರ್ ಪದವಿಗೆ ಹೋಗುವಾಗ ಕೆಲವು ವಿಶ್ವವಿದ್ಯಾಲಯಗಳು ಇಡೀ ಗಂಟನ್ನು ಒಪ್ಪುತ್ತವೆ, ಕೆಲವು ಅದರ ಒಂದು ಭಾಗವನ್ನು ಒಪ್ಪುತ್ತವೆ, ಕೆಲವು ಸಾಮಾನ್ಯ ವಿಷಯಗಳನ್ನಷ್ಟೇ ತೆಗೆದುಕೊಳ್ಳುತ್ತವೆ. ಜೊತೆಗೆ ಪದವಿಯ ಇಂತಿಷ್ಟು ಭಾಗವನ್ನು ನಮ್ಮಲ್ಲೇ ಓದಬೇಕು ಎಂಬ ನಿಯಮ ಬಹುತೇಕ ಎಲ್ಲ ಕಡೆ ಇದೆ.

ಈ ತೊಡಕನ್ನು ಬಿಡಿಸಲು ಕೆಲವು ವ್ಯವಸ್ಥೆಗಳಿವೆ. ಕಾಲೇಜಿನ ಹೊರಗೆ ನಡೆಯುವ ತರಬೇತಿಯನ್ನು ಪರಿಶೀಲಿಸಿ ಇದಕ್ಕೆ ಇಷ್ಟು ಕ್ರೆಡಿಟ್ ಕೊಡಬಹುದು ಎಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ 1974ರಿಂದ ಶಿಫಾರಸು ಮಾಡುತ್ತಿದೆ. ಅಪ್ರೆಂಟಿಸ್‌ಶಿಪ್ ನಡೆಸುವವರನ್ನೂ ಕಾಲೇಜುಗಳನ್ನೂ ಒಂದೇ ಬಳಗಕ್ಕೆ ತರಲು ಕಾರ್ಮಿಕ ಇಲಾಖೆ ಮತ್ತು ಶಿಕ್ಷಣ ಇಲಾಖೆ ಸೇರಿ 2014ರಲ್ಲಿ ಒಂದು ಕಾಲೇಜು ಕೂಟವನ್ನು ಆರಂಭಿಸಿದವು. ಶಿಫಾರಸು ಶಿಫಾರಸೇ. ಕೊನೆಯ ಮಾತು ಆಯಾ ಕಾಲೇಜಿನದ್ದು.

ಹಾಗಾಗಿ ಮುಂದೆ ಎಲ್ಲಿಗೆ ಹೋಗಬೇಕೆಂಬ ಅಂದಾಜು ಬೇಗನೆ ಮಾಡಿಕೊಳ್ಳಿ. ಮೆನೊಮನಿ ಊರಿನ ವಿಸ್ಕಾನ್ಸಿನ್–ಸ್ಟೌಟ್ ವಿಶ್ವವಿದ್ಯಾಲಯ ಹುಟ್ಟಿದ್ದೇ ಕೈಕೆಲಸದ ಶಾಲೆಯಾಗಿ, 1891ರಲ್ಲಿ, ಮರದ ವ್ಯಾಪಾರದಿಂದ ಶ್ರೀಮಂತರಾದ ಜೇಮ್ಸ್ ಹಫ್ ಸ್ಟೌಟ್ ಅವರಿಂದ. ಇಂದು ಅಲ್ಲಿ ಕಟ್ಟಡ ನಿರ್ಮಾಣದಲ್ಲಿ ಬ್ಯಾಚುಲರ್ ಪದವಿ ಇದೆ. ಅಂಥ ಕಡೆ ನಮ್ಮ ಹುಡುಗರು ಹೊಸ ಭಾಷೆ ಕಲಿಯಬೇಕಾಗಿಲ್ಲ. ಎಲ್ಲೇ ಆಗಲಿ, ಪ್ರವೇಶ ವಿಭಾಗಕ್ಕೆ ನಿಮ್ಮ ಅಂಕಪಟ್ಟಿ ಕಳಿಸಿ, ಯಾವುದು ಸಲ್ಲುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಫೋನಿನಲ್ಲಿ ಸಿಕ್ಕ ಭರವಸೆ ಮುಂದಿನ ವರ್ಷ ಯಾರಿಗೂ ನೆನಪಿರುವುದಿಲ್ಲ.

8. ಕಲಿಸಲು ಕಲಿಯಿರಿ, ಮೈ ಸದಾ ಇಪ್ಪತ್ತೈದರದ್ದಲ್ಲ

ವಿಸ್ಕಾನ್ಸಿನ್‌ನಲ್ಲಿ ಅಪ್ರೆಂಟಿಸ್‌ಗಳು ಕೊನೆಯ ವರ್ಷದಲ್ಲಿ ಒಂದು ಚಿಕ್ಕ ತರಬೇತಿ ಪಡೆಯುತ್ತಾರೆ: ನಾಳೆ ನಿಮ್ಮ ಕೈಕೆಳಗೆ ಬರುವ ಹೊಸಬನಿಗೆ ಹೇಗೆ ಕಲಿಸುವುದು? ಹೊಡೆದು ಬೈದು ಕಲಿಸಿದ ಕಾಲವನ್ನು ನಮ್ಮ ಕಡೆಯ ಹಿರಿಯರೂ ಕಂಡವರೇ, ಇಲ್ಲಿಯ ಹಿರಿಯರೂ ಕಂಡವರೇ. ಮಾಡಿ ತೋರಿಸು, ಜೊತೆಗೂಡಿ ಮಾಡು, ಅವನು ಮಾಡುವುದನ್ನು ನೋಡು, ಆಮೇಲೆ ಕೈಬಿಡು. ಇಷ್ಟು ಕ್ರಮ ತಿಳಿದರೆ ಒಬ್ಬನ ವಿದ್ಯೆ ಹತ್ತು ಜನರದ್ದಾಗುತ್ತದೆ.

ಪದವಿ ಬೇಕೆಂದು ನಾನು ಒತ್ತಿ ಹೇಳುವುದಕ್ಕೆ ದೊಡ್ಡ ಕಾರಣವೂ ಇದೇ ಕಡೆಗಿದೆ. ಬಡಗಿಯ ಮಂಡಿ, ಭುಜ, ಸೊಂಟ ಐವತ್ತರ ಹೊತ್ತಿಗೆ ಮಾತಾಡತೊಡಗುತ್ತವೆ. ಆಗ ಕೈಯಲ್ಲಿ ಕಸುಬು ಒಂದೇ ಇದ್ದವನು ನೋವು ನುಂಗಿಕೊಂಡು ಏಣಿ ಹತ್ತುತ್ತಾನೆ. ಕಸುಬಿನ ಜೊತೆ ಪದವಿಯೂ ಇದ್ದವನು ಖರ್ಚಿನ ಅಂದಾಜು ಮಾಡುವ ಮೇಜಿಗೆ, ಕಟ್ಟಡ ತಪಾಸಣೆಗೆ, ಸೈಟಿನ ಮೇಲ್ವಿಚಾರಣೆಗೆ ಅಥವಾ ನನ್ನ ಹಾಗೆ ಪಾಠದ ಕೋಣೆಗೆ ಹೋಗುತ್ತಾನೆ. ಅವನ ಅನುಭವ ಕಟ್ಟಡದ ಲೋಕಕ್ಕೆ ಇನ್ನೂ ಬಹಳ ವರ್ಷ ಸಿಗುತ್ತದೆ. ಇಪ್ಪತ್ತರ ಹುಡುಗನಿಗೆ ಇದು ದೂರದ ಮಾತೆನ್ನಿಸಬಹುದು. ಅದಕ್ಕಾಗಿಯೇ ಹಿರಿಯರಾದ ನಾವು ಹೇಳಬೇಕು.

ಪದವಿ ಬೇಡ, ಕಸುಬೇ ಸಾಕು ಎನ್ನುವವರನ್ನು ನಾನು ಕೀಳಾಗಿ ಕಾಣುವುದಿಲ್ಲ. ಅಪ್ರೆಂಟಿಸ್‌ಶಿಪ್ ಮುಗಿಸಿದ್ದೇ ದೊಡ್ಡ ಸಾಧನೆ. ಆದರೆ ಆ 39 ಕ್ರೆಡಿಟ್‌ಗಳು ತಮಗೆ ಸಿಗುತ್ತವೆ ಎಂಬುದೇ ತಿಳಿಯದೆ ಬಿಡುವುದು ಬೇರೆ, ತಿಳಿದು ಬೇಡವೆನ್ನುವುದು ಬೇರೆ.

9. ನಮ್ಮೂರಿನಲ್ಲೂ ಬಾಗಿಲು ತೆರೆಯುತ್ತಿದೆ, ತಳ್ಳುವವರು ಬೇಕು

ಶಿವಮೊಗ್ಗದಲ್ಲಿರುವ ತಂಗಿಯ ಮಗ ಫೋನು ಮಾಡಿ, "ಮಾವ, ಅಲ್ಲಿಯ ಹಾಗೆ ನಮ್ಮಲ್ಲೂ ಮರಗೆಲಸಕ್ಕೆ ಕಾಲೇಜಿನ ಕ್ರೆಡಿಟ್ ಸಿಗುತ್ತದಾ?" ಎಂದು ಕೇಳುತ್ತಾನೆ. ಅವನಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಭಾರತದಲ್ಲಿ ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. ಕ್ರೆಡಿಟ್‌ನ ದಾರಿ ತೆರೆದದ್ದು ಇತ್ತೀಚೆಗೆ. ಪದವಿಯೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರಲ್ಲಿ ಮಾರ್ಗಸೂಚಿ ಕೊಟ್ಟಿತು. ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲಿ ಬಂತು. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ಕಾಲೇಜು, ಕೌಶಲ ತರಬೇತಿ ಮೂರನ್ನೂ ಒಂದೇ ಅಳತೆಗೆ ತಂದಿದೆ. ಅದರಂತೆ 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. ಪರೀಕ್ಷೆಗೆ ಒಳಪಟ್ಟರೆ ಅನುಭವದ ಕಲಿಕೆಗೂ ಅಲ್ಲಿ ಜಾಗ ಇದೆ. ಅಮೆರಿಕದ ಗಂಟೆಯ ಲೆಕ್ಕವೇ ಬೇರೆಯಾದ್ದರಿಂದ ಇಲ್ಲಿನ ಅಂಕಿಯನ್ನು ಅಲ್ಲಿಗೆ ಹೊಂದಿಸಲು ಹೋಗಬೇಡಿ. ತತ್ವ ಮಾತ್ರ ಒಂದೇ: ಕಲಿತದ್ದನ್ನು ತೋರಿಸು, ಅದಕ್ಕೆ ಲೆಕ್ಕ ಸಿಗಲಿ.

ದೊಡ್ಡ ತೊಡಕು ಇರುವುದು ಬೇರೆ ಕಡೆ. ಭಾರತದ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಮ್ಮ ಕಡೆ ಮರಗೆಲಸ ನಡೆಯುವುದು ಅಂಥ ಕಡೆಯಲ್ಲ. ಒಬ್ಬ ಆಚಾರಿ, ಇಬ್ಬರು ಮೂವರು ಹುಡುಗರು, ರಸ್ತೆ ಬದಿಯ ಒಂದು ಶೆಡ್ಡು. ಸಾಗರ, ಸೊರಬದ ಗುಡಿಗಾರರ ಮನೆಗಳಲ್ಲಿ, ಚನ್ನಪಟ್ಟಣದ ಗೊಂಬೆ ಮಾಡುವವರಲ್ಲಿ, ಮೈಸೂರಿನ ಬೀಟೆ ಮರದ ಕುಸುರಿಯವರಲ್ಲಿ ಕಲಿಕೆ ನಡೆಯುವುದು ಹೀಗೆ ಚಿಕ್ಕ ಚಿಕ್ಕ ಕಡೆಗಳಲ್ಲೇ. ಈ ಶೆಡ್ಡುಗಳನ್ನು ಒಟ್ಟುಗೂಡಿಸಿ, ಹತ್ತಿರದ ಐಟಿಐ ಅಥವಾ ಪಾಲಿಟೆಕ್ನಿಕ್ಕಿಗೆ ಜೋಡಿಸಿ, ವಾರಕ್ಕೊಂದು ದಿನ ಪಾಠ, ಉಳಿದ ದಿನ ಆಚಾರಿಯ ಬಳಿ ಕೆಲಸ ಎಂಬ ಕ್ರಮ ಮಾಡಬೇಕು. ಇಲ್ಲದಿದ್ದರೆ ಚೌಕಟ್ಟು ಕಾಗದದ ಮೇಲೆಯೇ ಉಳಿಯುತ್ತದೆ. ಅಲ್ಲಿಯವರೆಗೆ ತಂಗಿಯ ಮಗನಿಗೆ ನಾನು ಹೇಳಿದ್ದು: ಕೆಲಸದ ಪುಸ್ತಕ ಇಂದಿನಿಂದಲೇ ಬರೆ, ಮಾನ್ಯತೆ ಇರುವ ಪರೀಕ್ಷೆ ಸಿಕ್ಕಾಗ ಕೂರು, ಕ್ರೆಡಿಟ್ ಬ್ಯಾಂಕಿನ ಖಾತೆ ತೆರೆ.

ಕೊನೆಯದಾಗಿ, ಕಾಲೇಜು ನಡೆಸುವವರಿಗೂ ಸರ್ಕಾರದಲ್ಲಿ ಇರುವವರಿಗೂ ಒಂದು ಮಾತು. ವಿಸ್ಕಾನ್ಸಿನ್‌ನಲ್ಲಿ ಕಸುಬಿನ ಅಪ್ರೆಂಟಿಸ್‌ಗೆ ಏನು ಕಲಿಸಬೇಕು ಎಂದು ಸಲಹೆ ಕೊಡುವ ಸಮಿತಿಗಳಲ್ಲಿ ಮಾಲೀಕರು ಎಷ್ಟು ಜನರೋ ಕೆಲಸಗಾರರೂ ಅಷ್ಟೇ ಜನ ಇರುತ್ತಾರೆ. ಉಳಿ ಹಿಡಿದು ಬದುಕಿದವರು ಪಾಠಕ್ರಮವನ್ನು ತಿದ್ದುತ್ತಾರೆ. ಆ ಪಾಠಕ್ಕೆ ಕಾಲೇಜು ಕ್ರೆಡಿಟ್ ಕೊಡುವುದಕ್ಕೆ, ಮಾಲೀಕರು ಅದನ್ನು ನಂಬುವುದಕ್ಕೆ ಅದೇ ಕಾರಣ. ನಮ್ಮಲ್ಲಿ ಮರಗೆಲಸದ ಪಾಠಪಟ್ಟಿ ಬರೆಯುವ ಮೇಜಿನ ಸುತ್ತ ಅಧಿಕಾರಿಗಳ, ಪ್ರಾಧ್ಯಾಪಕರ ಜೊತೆಗೆ ಗುಡಿಗಾರರೂ ಆಚಾರಿಗಳೂ ಕೂರಲಿ, ಅವರ ಆ ದಿನದ ಕೂಲಿಯನ್ನು ಸರ್ಕಾರವೇ ಕೊಡಲಿ. ಯಾವ ಜೋಡಣೆಗೆ ಎಷ್ಟು ವಿದ್ಯೆ ಬೇಕೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರು ತೂಗಿಕೊಟ್ಟ ಕ್ರೆಡಿಟ್‌ಗೆ ಬೆಲೆ ತಾನಾಗಿ ಬರುತ್ತದೆ, ಅವರ ಮಕ್ಕಳು ಅರ್ಜಿ ತುಂಬುವಾಗ 'ವಿದ್ಯಾಭ್ಯಾಸ' ಎಂಬಲ್ಲಿ ಕಸುಬಿನ ವರ್ಷಗಳನ್ನೂ ಹಕ್ಕಿನಿಂದ ಬರೆಯಬಹುದು.